ತಿಪ್ಪವ್ವನ ತೊಟ್ಟಿಲು

ಒಂದು ಕಾಡಿನ ಬಿದಿರು ಮೆಳೆಯ ಹಿಂದೆ ತಿಪ್ಪವ್ವ ಎಂಬ ಮುಳ್ಳುಹಂದಿ ಮನೆ ಮಾಡಿಕೊಂಡಿದ್ದಳು. ಚೊಚ್ಚಲ ಹೆರಿಗೆಗೆ ಮಗಳು ಕೆಂಚವ್ವ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಮೂಲೆಯಲ್ಲಿ ಒಂದು ಹಳೆಯ ತೊಟ್ಟಿಲು ಇತ್ತು. ಹೊಗೆ ಹಿಡಿದು ಕಪ್ಪಾಗಿತ್ತು, ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಮೈತುಂಬ ಗೀರು. ಮುಳ್ಳುಹಂದಿ ಮಕ್ಕಳು ಹೊರಳಾಡಿದ ತೊಟ್ಟಿಲು ಮತ್ತೆ ಹೇಗಿರುತ್ತೆ ಹೇಳಿ?

“ಅವ್ವಾ, ಇದರಲ್ಲಿ ಮಗು ಮಲಗಿಸಿದರೆ ಅತ್ತೆ ಮನೆಯವರು ಆಡಿಕೊಳ್ತಾರೆ,” ಎಂದು ಕೆಂಚವ್ವ ಮುಖ ಸಣ್ಣ ಮಾಡಿದಳು.

ಈ ಮಾತು ದಾರಿಯಲ್ಲಿ ಹೋಗುತ್ತಿದ್ದ ನರಿ ನಾಜೂಕಯ್ಯನ ಕಿವಿಗೆ ಬಿತ್ತು. ಹಳೆಯ ಸಾಮಾನು ಪಡೆದು ಹೊಸದು ಕೊಡುವುದು ಅವನ ವ್ಯಾಪಾರ. ಕರೆಯದೆಯೇ ಒಳಗೆ ಬಂದ. ಯಾರೂ ನೋಡದಂತೆ ತೊಟ್ಟಿಲನ್ನು ಉಗುರಿನಿಂದ ಕೆರೆದ. ಮಸಿಯ ಕೆಳಗೆ ಹೊಂಬಣ್ಣದ ತೇಗ ಕಂಡಿತು. ಅವನ ಬಾಯಲ್ಲಿ ನೀರೂರಿತು.

“ಅಯ್ಯೋ ತಿಪ್ಪವ್ವ, ಇದರ ಕಾಲ ಮುಗೀತು. ಇದು ಬರೀ ಸೌದೆ. ನನಗೆ ಕೊಟ್ಟುಬಿಡು. ಬದಲಿಗೆ ಹೊಚ್ಚಹೊಸ ಕೆಂಪು ತೊಟ್ಟಿಲು ತಂದುಕೊಡ್ತೀನಿ,” ಎಂದ.

ಹೇಳಿದ ಹಾಗೆ ತಂದೂ ತಂದ. ತೊಟ್ಟಿಲು ಫಳಫಳ ಹೊಳೆಯುತ್ತಿತ್ತು. ಕೆಂಚವ್ವನ ಕಣ್ಣು ಅರಳಿತು. “ಅವ್ವಾ, ತಗೊಂಡುಬಿಡು,” ಎಂದಳು.

ತಿಪ್ಪವ್ವ ಅವಸರ ಮಾಡುವವಳಲ್ಲ. “ತಗೊಳ್ಳೋಣ. ಆದರೆ ಇದರಲ್ಲಿ ಮಲಗೋದು ನನ್ನ ಮೊಮ್ಮಗು. ಮರದ ಸಾಮಾನು ಯಾವುದೇ ಇರಲಿ, ನಮ್ಮ ಮನೇಲಿ ಮೊದಲು ಬಿಸಿಲಿಗೆ ಇಡ್ತೀವಿ. ಆಮೇಲೆ ಮಾತು,” ಎಂದು ಎರಡೂ ತೊಟ್ಟಿಲುಗಳನ್ನು ಅಂಗಳಕ್ಕೆ ಎಳೆದಳು.

ಬಿಸಿಲೇರಿತು. ಕಪ್ಪು ತೊಟ್ಟಿಲು ಇದ್ದ ಹಾಗೇ ಇತ್ತು. ಕೆಂಪು ತೊಟ್ಟಿಲಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಅದರ ಮರದೊಳಗಿದ್ದ ಹುಳುಗಳಿಗೆ ಸೆಕೆ ತಡೆಯಲಾಗಲಿಲ್ಲ, ಕರಕರ ಸದ್ದು ಶುರುವಾಯಿತು. ಸದ್ದು ಕೇಳಿ ಮರಕುಟಿಗ ಹಾರಿಬಂದು ಅದರ ಮೇಲೆ ಕೂತು ಕುಟ್ಟತೊಡಗಿದ.

“ನಿನಗೇನಪ್ಪ ಅಲ್ಲಿ ಕೆಲಸ?” ಎಂದಳು ತಿಪ್ಪವ್ವ.

“ಊಟ ಮಾಡ್ತಿದ್ದೀನಿ ಕಣವ್ವ. ಹುಳ ಇಲ್ಲದ ಮರ ಆಗಿದ್ದರೆ ನಾನ್ಯಾಕೆ ಬರ್ತಿದ್ದೆ?”

ನರಿ ಬೆವರಿದ. ಆದರೂ ಮೀಸೆ ತಿರುವಿದ. “ಹಕ್ಕಿ ಮಾತು ನಂಬ್ತೀಯಾ? ನಾನೇ ಕೂತು ತೋರಿಸ್ತೀನಿ, ನೋಡು,” ಎಂದು ತೊಟ್ಟಿಲೊಳಗೆ ಕೂತ.

ತಳ ಪುಡಿಪುಡಿಯಾಗಿ ಕಳಚಿತು. ನಾಜೂಕಯ್ಯನ ಕುಂಡೆ ತೂತಿನಲ್ಲಿ ಸಿಕ್ಕಿಕೊಂಡಿತು. ಸರಿಯಾಗಿ ಆರದ ಬಣ್ಣ ಬಾಲಕ್ಕೆಲ್ಲ ಮೆತ್ತಿತು. ತೊಟ್ಟಿಲಿನ ಚೌಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಟ ಕಿತ್ತ.

ಕೆಂಚವ್ವ ಅವ್ವನ ಕೈ ಹಿಡಿದುಕೊಂಡಳು. “ಅವ್ವಾ, ಅದರಲ್ಲಿ ನನ್ನ ಮಗು ಇದ್ದಿದ್ದರೆ?”

“ಇರಲಿಲ್ಲವಲ್ಲ. ಬಾ, ಕೈ ಜೋಡಿಸು.”

ಉದುರಿದ ಮುಳ್ಳುಗಳಿಂದ ಇಬ್ಬರೂ ಹಳೆಯ ಬಣ್ಣ ಹೆರೆದರು. ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜಿದರು. ಅಗಸೆ ಎಣ್ಣೆ ಸವರಿದರು. ತೇಗದ ಗೆರೆಗಳು ಎದ್ದು ಬಂದವು. ಒಂದು ಗೀರನ್ನು ಮಾತ್ರ ತಿಪ್ಪವ್ವ ಉಜ್ಜಲು ಬಿಡಲಿಲ್ಲ. “ಅದು ನೀನು ಗೀರಿದ್ದು, ಇರಲಿ,” ಎಂದಳು.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರು ಬಂದರು. “ಹೊಸ ತೊಟ್ಟಿಲು ಎಲ್ಲಿಂದ ತಂದಿರಿ?” ಎಂದು ಕೆಂಚವ್ವನ ಅತ್ತೆ ಕೇಳಿದಳು.

“ತರಲಿಲ್ಲ ಅತ್ತೆ. ನಾನೂ ಇದರಲ್ಲೇ ಮಲಗಿ ಬೆಳೆದವಳು,” ಎಂದು ಕೆಂಚವ್ವ ತಲೆ ಎತ್ತಿ ಹೇಳಿದಳು.

ನಾಜೂಕಯ್ಯನ ಬಾಲದ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ದೂರದಿಂದ ಕೆಂಪು ಬಾಲ ಕಂಡರೆ ಸಾಕು, ಕಾಡಿನವರೆಲ್ಲ ಬಾಗಿಲು ಹಾಕಿಕೊಂಡು ತಮ್ಮ ಹಳೆಯ ಮಣೆಗಳನ್ನು ತಾವೇ ಉಜ್ಜುತ್ತ ಕೂರುತ್ತಿದ್ದರು.

ನೀತಿ: ಮೇಲಿನ ಹೊಳಪಿಗೆ ಮರುಳಾಗಿ ಗಟ್ಟಿಯಾದ ಹಳೆಯದನ್ನು ಬಿಟ್ಟುಕೊಡಬಾರದು, ಹುಳುಕು ಮುಚ್ಚಿಟ್ಟು ಮೋಸ ಮಾಡುವವನು ಕೊನೆಗೆ ಅದರಲ್ಲೇ ಸಿಕ್ಕಿಬೀಳುತ್ತಾನೆ.