ಹಿಂದಿನ ಓಣಿಯ ಯಾತ್ರೆ

ಮಲಪ್ರಭೆಯ ದಂಡೆಯ ಬೆನ್ನೂರಿನಲ್ಲಿ ಪೂಜ್ಯ ಗುರುಸಂಗಯ್ಯ ಅಜ್ಜನವರು ನೆಲೆಸಿದ್ದ ಮಠವೆಂದರೆ ಮಣ್ಣಿನ ಗೋಡೆಯ ಎರಡಂಕಣದ ಮನೆ, ಅಷ್ಟೇ. ಕೂರಲು ಕಂಬಳಿ, ಒಣಹಾಕಿದ ಕಾವಿಗೆ ಒಂದು ಬಿದಿರಿನ ಗಳ. ಭಕ್ತರು ಏನೇ ತಂದರೂ ಅಜ್ಜನವರು ಕಣ್ತುಂಬ ನೋಡಿ, "ಚಂದ ಐತಿ" ಎಂದು ಅವರ ಕೈಗೇ ಮರಳಿಸುತ್ತಿದ್ದರು. ಅಂಥವರು ಒಮ್ಮೆ ಚೀಲ ತುಂಬ ಸಾಮಾನನ್ನು ತಾವೇ ಇಟ್ಟುಕೊಂಡರು. ಆ ಚೀಲ ಕಾಳಿನ ಅಂಗಡಿಯ ಮನೆತನದ ಶಿವಗಂಗವ್ವನದು.

ಶಿವಗಂಗವ್ವನಿಗೆ ವರ್ಷಕ್ಕೊಂದು ಯಾತ್ರೆ ಆಗಲೇಬೇಕು. ಬಸ್ಸು ನಿಂತಲ್ಲೆಲ್ಲ ಆಕೆ ಮೊದಲು ಹುಡುಕುವುದು ಗುಡಿಯನ್ನಲ್ಲ, ಗುಡಿಯ ಮುಂದಿನ ಅಂಗಡಿಗಳನ್ನು. ದೇವರಿಗೆ ಕೈಮುಗಿದು ನಿಂತಾಗಲೂ ಜೀವವೆಲ್ಲ ಹೊರಗಿನ ಸಾಮಾನಿನ ಮೇಲೆಯೇ. ಊದಿದರೆ ನಾದ ಬಾರದ ಶಂಖ, ತಲೆ ಅಲ್ಲಾಡಿಸುವ ನಂದಿ, ಗುಂಡಿ ಒತ್ತಿದರೆ ಕೆಂಪು ಹಸಿರು ಮಿನುಗುವ ಪ್ಲಾಸ್ಟಿಕ್ ಗೋಪುರ. ಗಂಡ ಬೈದ, ಸೊಸೆ ನಕ್ಕಳು. ಆಕೆ ಬಿಡಲಿಲ್ಲ.

ಕಾಶಿಯಿಂದ ಬಂದ ವಾರದಲ್ಲೇ ಚೀಲ ಹೊತ್ತು ಮಠಕ್ಕೆ ಬಂದಳು.

"ಅಜ್ಜಾರ, ಇವಕ್ಕೊಮ್ಮೆ ನಿಮ್ಮ ಕೈ ಮುಟ್ಟಸ್ರಿ. ನಮ್ಮ ಅಕ್ಕಗ ಕೊಡೂವು ಅದಾವ."

ಅಜ್ಜನವರು ಒಂದೊಂದನ್ನೇ ತೆಗೆದು ನೋಡಿದರು. ನಂದಿಯ ತಲೆ ತಟ್ಟಿದರು. ಅದು ಹೂಂಗುಟ್ಟಿದಂತೆ ಆಡಿತು. ಮಗುವಿನಂತೆ ನಕ್ಕರು. ಆಮೇಲೆ ಶಂಖವನ್ನೆತ್ತಿ ಒಳಗಿನ ಧೂಳು ನೋಡಿ ಕೇಳಿದರು:

"ಇದು ರಾಮೇಶ್ವರದ್ದು. ಹ್ವಾದ ವರ್ಷ ತಂದದ್ದಲ್ಲ ತಾಯಿ? ಇನ್ನೂ ಕೊಟ್ಟಿಲ್ಲ?"

ಶಿವಗಂಗವ್ವ ತಲೆ ತಗ್ಗಿಸಿದಳು. ತನ್ನ ಮಗನ ಮದುವೆಯಲ್ಲಿ ಉಡುಗೊರೆಯಾಗಿ ಆಯೇರಿ ಮಾಡಿದ ಸೀರೆಯನ್ನು ಅಕ್ಕ ಚಂದ್ರವ್ವ ಅಲ್ಲೇ ಕಂಬದ ಬಳಿ ಇಟ್ಟು ಹೋದವಳು ಮತ್ತೆ ಮಾತಾಡಿರಲಿಲ್ಲ. ಸೀರೆ ಹಗುರಾಯಿತೆಂದೇ ಸಿಟ್ಟು ಎಂದುಕೊಂಡ ಶಿವಗಂಗವ್ವ ಅಂದಿನಿಂದ ಹೋದಲ್ಲೆಲ್ಲ ಅಕ್ಕನಿಗೆಂದು ಕೊಳ್ಳುತ್ತಿದ್ದಳು. ಮನೆಗೆ ಬಂದು ನೋಡಿದರೆ ಯಾವುದೂ ಸಾಲದು ಅನ್ನಿಸುತ್ತಿತ್ತು.

"ಅಕ್ಕ ಎಲ್ಲಿರ್ತಾಳ?"

"ಇಲ್ಲೇರಿ, ನಮ್ಮ ಹಿಂದಿನ ಓಣ್ಯಾಗ."

"ಕಾಶಿತನಕಾ ಹೋಗಿ ಬಂದಿ ತಾಯಿ," ಎಂದರು ಅಜ್ಜನವರು ಬಹು ಮೆಲ್ಲಗೆ, "ಹಿಂದಿನ ಓಣಿ ದೂರ ಆತೇನು?"

ಅಜ್ಜನವರು ಚೀಲವನ್ನು ತಮ್ಮತ್ತ ಎಳೆದುಕೊಂಡರು.

"ಇವು ಇಲ್ಲೇ ಇರ್ಲಿ. ಈಗ ಹೋಗು."

"ಬರಿಗೈಲೆ ಹೆಂಗ ಹೋಗ್ಲಿರಿ ಅಜ್ಜಾರ?"

"ಕೈ ತುಂಬ ಸಾಮಾನಿದ್ರ ಅಕ್ಕನ್ನ ತಬ್ಬಾಕ ಬರೂದಿಲ್ಲ."

ಚಂದ್ರವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ತಂಗಿಯನ್ನು ಕಂಡು ಮೊರ ನಿಂತಿತು.

"ಏನ ತಂದಿ?"

"ಏನೂ ಇಲ್ಲಕ್ಕ. ನಾನ ಬಂದೀನಿ."

ಚಂದ್ರವ್ವ ಮೊರವನ್ನು ಬದಿಗಿಟ್ಟಳು. "ಸೀರಿ ಸಲುವಾಗಿ ಹ್ವಾದೆ ಅಂದ್ಕೊಂಡೀ ಏನ, ಹುಚ್ಚಿ? ಅವತ್ತ ಬಂದ ಮಂದಿಗೆಲ್ಲಾ ಉಂಡ್ರೇನು ಅಂತ ಕೇಳ್ಕೋತ ಅಡ್ಡಾಡಿದಿ. ನನ್ನ ಮುಂದಿಂದನ ಹ್ವಾದಿ. ನನ್ನೊಬ್ಬಾಕಿನ್ನ ಕೇಳಲಿಲ್ಲ."

ಶಿವಗಂಗವ್ವ ಅಲ್ಲೇ ಕುಸಿದು ಅಕ್ಕನ ಮಡಿಲಲ್ಲಿ ಮುಖವಿಟ್ಟಳು. ಅಳು ತಗ್ಗಿದ ಮೇಲೆ, "ಉಂಡೀ ಏನಕ್ಕಾ?" ಎಂದಳು.

"ಇಲ್ಲ. ಏಳು, ಇಬ್ರೂ ಉಣ್ಣೂಣು."

ಮುಂದಿನ ಯಾತ್ರೆ ಶ್ರೀಶೈಲಕ್ಕೆ. ಅಕ್ಕತಂಗಿಯರು ಒಂದೇ ಸೀಟಿನಲ್ಲಿ ಕೂತು ಹೋದರು. ಮಲ್ಲಯ್ಯನ ಗರ್ಭಗುಡಿಯ ಮುಂದೆ ಶಿವಗಂಗವ್ವ ಅಲುಗದೆ ನಿಂತಳು. ಹಿಂದಿನವರು ತಳ್ಳಿದರೂ ಸರಿಯಲಿಲ್ಲ.

"ಅಕ್ಕಾ," ಎಂದಳು ಹೊರಗೆ ಬಂದು, ಕಣ್ಣೊರೆಸಿಕೊಳ್ಳುತ್ತ, "ಎಷ್ಟ ಸಲ ಬಂದಿದ್ದೆ ಇಲ್ಲಿಗೆ. ಮಲ್ಲಯ್ಯನ್ನ ಇವತ್ತ ನೋಡಿದೆ."