ಆವಿಗೆಯ ಕರ, ಅಂಗಡಿಯ ಕರ

“ಗುರುಗಳೇ, ಗಳಿಸಿದವನಿಂದ ಕರ ಪಡೆಯುವುದು ನ್ಯಾಯವೋ, ಕೊಂಡು ಉಣ್ಣುವವನಿಂದ ಪಡೆಯುವುದು ನ್ಯಾಯವೋ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಗುರು ಈ ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನು ಮಡಕೆ ಸುಡುವ ಗೂಡಾದ ಆವಿಗೆಯನ್ನು ತೆರೆದಾಗಲೆಲ್ಲ ಅರಮನೆಯ ಸುಂಕದವನು ಬಂದು ಹತ್ತಕ್ಕೊಂದು ಮಡಕೆ ಎತ್ತಿಕೊಳ್ಳುತ್ತಿದ್ದ. ಹಸಿ ಮಡಕೆ ಮಳೆಗೆ ಕರಗಿ ಹೋದವು, ಮನೆಯಲ್ಲಿ ಆರು ಮಕ್ಕಳು ಎಂದು ಕುಂಬಾರ ಗೋಗರೆಯುತ್ತಿದ್ದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು?

ಒಂದು ದಿನ ಅರಸ ಡಂಗುರ ಹೊಡೆಸಿದ. ಇನ್ನು ದುಡಿಮೆಗೆ ಕರವಿಲ್ಲ, ಅಂಗಡಿಯಲ್ಲಿ ಕೊಳ್ಳುವ ಸರಕಿಗೆ ಮಾತ್ರ ಕರ. ಕುಂಬಾರ ಹಿಗ್ಗಿದ. ಮಣ್ಣು ಕೆರೆಯದು, ಸೌದೆ ಕಾಡಿನದು, ತಾನು ಕೊಳ್ಳುವುದಾದರೂ ಏನು ಎಂದುಕೊಂಡ. ಪಾಪ, ಹೊಲವಿಲ್ಲದವನು ಉಪ್ಪಿನಿಂದ ಹಿಡಿದು ರಾಗಿಯವರೆಗೆ ಎಲ್ಲವನ್ನೂ ಕೊಂಡೇ ಉಣ್ಣಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ.

ಆ ವರ್ಷ ಹತ್ತೂ ಮಡಕೆ ಅವನವೇ ಆದವು. ಆದರೂ ಮನೆಗೆ ಬರುವ ರಾಗಿ ಮೊದಲಿಗಿಂತ ಕಡಿಮೆಯಾಯಿತು. ಎಲ್ಲಿ ಸೋರುತ್ತಿದೆಯೆಂದು ತಿಳಿಯದೆ ಅವನು ಊರಿನ ದೊಡ್ಡ ವರ್ತಕನ ಬಳಿಗೆ ಹೋದ.

“ಧಣಿ, ನಿಮ್ಮ ಗಳಿಕೆ ನನ್ನದರ ನೂರು ಪಟ್ಟು. ಕರ ಮಾತ್ರ ನನಗಿಂತ ಕಡಿಮೆ ಕಟ್ಟಿದಿರಂತೆ. ಅದು ಹೇಗೆ?”

“ನಮ್ಮ ಮನೆಯಲ್ಲಿ ಉಣ್ಣುವವರು ಇಬ್ಬರು, ನಿನ್ನ ಮನೆಯಲ್ಲಿ ಎಂಟು ಬಾಯಿ. ನನ್ನ ಗಳಿಕೆಯಲ್ಲಿ ಮಿಕ್ಕದ್ದೆಲ್ಲ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಉಪ್ಪು ತಿನ್ನುವುದಿಲ್ಲವಲ್ಲಪ್ಪ.”

ಕುಂಬಾರನ ತಲೆ ಗೊಂದಲದ ಗೂಡಾಯಿತು. ವರ್ತಕ ಸುಳ್ಳು ಹೇಳಿರಲಿಲ್ಲ, ಏನನ್ನೂ ಬಚ್ಚಿಟ್ಟಿರಲಿಲ್ಲ. ಅರಸ ಎಲ್ಲರಿಗೂ ಒಂದೇ ದರ ಇಟ್ಟಿದ್ದ. ಅಂಗಡಿಯವನ ತೂಕವೂ ಸರಿಯಾಗಿಯೇ ಇತ್ತು. ಯಾರನ್ನು ಬೈಯಬೇಕೋ ತಿಳಿಯದೆ ಅವನಿಗೆ ಅಳುವೇ ಬಂತು.

ಮನೆಗೆ ಬಂದು ಉಣ್ಣಲು ಕೂತ. ಕಿರಿಯ ಮಗಳು ಇನ್ನೊಂದು ಮುದ್ದೆಗೆಂದು ತಟ್ಟೆ ಚಾಚಿದಳು. ಅಪ್ಪನ ಕಣ್ಣು ತನ್ನ ತಟ್ಟೆಯ ಮೇಲೆ ಬಿದ್ದದ್ದನ್ನು ಕಂಡು, “ಬೇಡಮ್ಮ, ಹೊಟ್ಟೆ ತುಂಬಿತು,” ಎಂದು ತಾಯಿಗೆ ಹೇಳಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು.

ಗುರು ಅಲ್ಲಿಗೆ ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಇನ್ನೂ ಬಗೆಹರಿಯಲಿಲ್ಲ. “ಹಾಗಾದರೆ ಹಳೆಯ ಕರವೇ ನ್ಯಾಯವೇ, ಗುರುಗಳೇ?” ಎಂದು ಕೇಳಿದ.

“ಕರವನ್ನು ಯಾವುದರ ಮೇಲೆ ಹಾಕಿದರು ಎಂದು ಕೇಳುವ ಮೊದಲು, ಎರಡನೆಯ ಮುದ್ದೆ ಬೇಡವೆಂದವರು ಯಾರು ಎಂದು ಕೇಳು,” ಎಂದರು ಗುರು.