ನೀರು ತಾಗದ ಜಾಕೆಟ್

ನಗುವವರು ನಗಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಈ ಕತೆಯನ್ನು ಹುಲಿಗೆವ್ವನ ಎದುರಿಗೆ ಮಾತ್ರ ಹೇಳಬೇಡಿ. ಅವಳಿಗೆ ನಗು ಬರುವುದಿಲ್ಲ.

ತುಂಗಭದ್ರೆಯ ದಂಡೆಗೆ ಕಲ್ಮಡು ಅಂತ ಒಂದು ಊರು. ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಅಂಬಿಗರ ಹೆಂಗಸು. ಅವಳಿಗೆ ಇದ್ದದ್ದು ಒಂದು ಹರಿಗೋಲು, ಒಬ್ಬ ಮಗ. ಹರಿಗೋಲೂ ದುಂಡಗಿತ್ತು, ಮಗನೂ ದುಂಡಗಿದ್ದ. ಹರಿಗೋಲನ್ನಾದರೆ ಹುಟ್ಟು ಹಾಕಿ ಎತ್ತ ಬೇಕಾದರೂ ತಿರುಗಿಸಬಹುದು. ಮಗನನ್ನು ತಿರುಗಿಸುವ ಹುಟ್ಟು ಇನ್ನೂ ಯಾರೂ ಮಾಡಿರಲಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ಹಿಡಿದುಕೊಂಡು ನೆಟ್ಟಗೆ ಹೋಗಿಬಿಡುವವನು. ಹೆಸರು ಗಾಳೆಪ್ಪ. ಹೊಳೆಗಿಳಿದರೆ ಮೀನಿನಂತೆ ಈಜುತ್ತಿದ್ದ. ದಂಡೆಗೆ ಬಂದರೆ ಶುದ್ಧ ಪೆದ್ದ.

ಗಾಳೆಪ್ಪನ ಅಪ್ಪ ಹೊಳೆಯಲ್ಲೇ ಹೋದ. ಪೇಟೆಯಿಂದ ವಿಹಾರಕ್ಕೆ ಬಂದವರನ್ನು ಕೂರಿಸಿಕೊಂಡು, ಅವರು ಇನ್ನೊಮ್ಮೆ ಇನ್ನೊಮ್ಮೆ ಅಂದರು ಅಂತ ಹರಿಗೋಲನ್ನು ಬುಗುರಿಯಂತೆ ತಿರುಗಿಸುವಾಗ ಅದು ಮಗುಚಿತು. ಬಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ದಂಡೆಗೆ ದಾಟಿಸಿದ. ಕೊನೆಗೆ ತೋಳು ಸೋತು ತಾನು ಮಡುವಿನಲ್ಲೇ ಉಳಿದ. ಆಮೇಲೆ ತಾಲೂಕು ಕಚೇರಿಯ ಸಾಹೇಬರಿಂದ ಆಜ್ಞೆ ಬಂತು. ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹೊಳೆಗೆ ಇಳಿಸುವಂತಿಲ್ಲ. ಜಾಕೆಟ್ ಕಲ್ಮಡುವಿನಲ್ಲಿ ಯಾರ ಹತ್ತಿರ ಇತ್ತು? ಊರಿನ ಹರಿಗೋಲುಗಳೆಲ್ಲ ದಂಡೆಯ ಮೇಲೆ ಬೋರಲು ಬಿದ್ದವು. ಒಲೆಗಳೂ ತಣ್ಣಗಾದವು.

ಆಗ ಊರವರು ಸೇರಿ ಹರಿಗೋಲು ಮಾಲೀಕರ ಸಂಘ ಕಟ್ಟಿದರು. ಯಮನೂರಪ್ಪ ಅಧ್ಯಕ್ಷನಾದ. ಸರಕಾರ ಜಾಕೆಟ್ ಕೊಡಲಿ, ಹತ್ತಿ ಇಳಿಯಲು ಮೆಟ್ಟಿಲು ಕಟ್ಟಿಸಲಿ, ನಮ್ಮ ಹರಿಗೋಲು ಬಿಡಲಿ ಅಂತ ಅರ್ಜಿ ಬರೆದರು. ಹುಲಿಗೆವ್ವನದು ಮಾತ್ರ ಒಂದೇ ಮಾತು.

"ಉಳಿದದ್ದು ಬಂದ್ರ ಬರ್ಲಿ, ಬಿಟ್ರ ಬಿಡ್ಲಿ. ಜಾಕೆಟ್ ಬೇಕು. ಇನ್ನೊಬ್ಬಾಕಿ ನನ್ನಂಗ ಆಗಬಾರ್ದು."

ದಿನಾ ಕಚೇರಿಗೆ ಅಲೆಯುವವಳು ಅವಳೇ. ಒಂದು ದಿನ ಜ್ವರ ಬಂದು ಮಲಗಿದಳು. ಬೇರೆಯವರೆಲ್ಲ ಕೂಲಿಗೆ ಹೋಗಿದ್ದರು. ಅರ್ಜಿಯನ್ನು ಗಾಳೆಪ್ಪನ ಅಂಗಿ ಜೇಬಿಗೆ ಇಟ್ಟು ಹೇಳಿದಳು.

"ಲೇ ಗಾಳ್ಯಾ, ಸಾಹೇಬರ ಮುಂದ ಬಾಯಿಗೆ ಬಂದಂಗ ಮಾತಾಡಬ್ಯಾಡ. ಕೈ ಮುಗಕೊಂಡು ಸುಮ್ನ ನಿಂದ್ರು. ಮುಗಿದ ಕೈ ಬಿಡಬ್ಯಾಡ. ನಿನ್ನ ನೋಡಿ ಅವರಿಗೇ ಕರುಳು ಚುರ್ ಅಂತೈತಿ."

"ಹಂಗ ಮಾಡ್ತೀನವ್ವ."

ಹೋದ. ಕೈ ಮುಗಿದು ನಿಂತ. ಸಾಹೇಬರು ಬಂದರು. "ಯಾರಪ್ಪಾ ನೀನು?" ಅಂದರು. ಗಾಳೆಪ್ಪ ಸುಮ್ಮನೆ ನಿಂತ. ಜವಾನ ಬಂದ. "ಏನಾರ ಅರ್ಜಿ ಐತೇನು?" ಅಂದ. ಗಾಳೆಪ್ಪ ಸುಮ್ಮನೆ ನಿಂತ. ಅರ್ಜಿ ಜೇಬಿನಲ್ಲಿ, ಕೈ ಎದೆಯ ಮೇಲೆ. ತೆಗೆದುಕೊಡಬೇಕಾದರೆ ಕೈ ಬಿಡಬೇಕಲ್ಲ? ಮೂಗಿನ ಮೇಲೆ ನೊಣ ಕೂತಿತು, ಅದನ್ನೂ ಓಡಿಸಲಿಲ್ಲ. ಇವನಿಗೆ ಯಾವುದೋ ಹರಕೆ ಇರಬೇಕು ಅಂತ ಯಾರೋ ಪಕ್ಕದಲ್ಲಿ ಒಂದು ಬಾಳೆಹಣ್ಣು ಇಟ್ಟು ಹೋದರು. ಕಚೇರಿಗೆ ಬೀಗ ಬಿತ್ತು. ಗಾಳೆಪ್ಪ ಊರಿಗೆ ನಡೆದು ಬಂದು ಮನೆ ಬಾಗಿಲನ್ನು ಕಾಲಿನಿಂದ ತಳ್ಳಿದ. ಕೈ ಇನ್ನೂ ಮುಗಿದೇ ಇತ್ತು.

ಹುಲಿಗೆವ್ವ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ ನನ್ನ ಹಣೇಬರಹವೇ. ಸುಮ್ನ ನಿಂತ್ರ ಯಾರಿಗೆ ಕೇಳ್ತೈತೋ? ಇನ್ನ ಮ್ಯಾಲ ನಾಕು ಮಂದಿ ಕೂಡಿದ್ದು ಕಂಡ್ರ ಕೈ ಎತ್ತಿ ಕೂಗಬೇಕು. 'ಬೇಕೇ ಬೇಕು, ಒಂದು ಸಾಲದು, ಊರಿಗೆಲ್ಲ ಬೇಕು' ಅನ್ನಬೇಕು. ತಿಳೀತಾ?"

"ಹಂಗ ಮಾಡ್ತೀನವ್ವ."

ಮಾರನೆಯ ದಿನ ಯಮನೂರಪ್ಪನ ಮುದಿ ತಂದೆ ತೀರಿಕೊಂಡ. ಮನೆ ಮುಂದೆ ಮಂದಿ ಸೇರಿದರು. ಹೆಣ ಎತ್ತಿದರು. ಹೆಂಗಸರು ಅತ್ತರು. ಗಾಳೆಪ್ಪ ನೋಡಿದ. ನಾಲ್ಕು ಮಂದಿ ಏನು, ಊರೇ ಕೂಡಿತ್ತು. ಕಟ್ಟೆ ಹತ್ತಿ ಕೈ ಎತ್ತಿದ.

"ಬೇಕೇ ಬೇಕು. ಒಂದು ಸಾಲದು. ಊರಿಗೆಲ್ಲ ಬೇಕು."

ಅಳುತ್ತಿದ್ದವರು ಅಳು ನುಂಗಿಕೊಂಡು ನೋಡಿದರು. ಹೆಣ ಹೊತ್ತವರು ಹೆಜ್ಜೆ ತಪ್ಪಿದರು. ಯಮನೂರಪ್ಪ ಇನ್ನೊಬ್ಬನಿಗೆ ಹೆಗಲು ಕೊಡಲು ಹೇಳಿ ಬಂದು ಗಾಳೆಪ್ಪನ ಕೆನ್ನೆಗೆ ಬಾರಿಸಿದ. ಗಾಳೆಪ್ಪ ಕೆನ್ನೆ ಹಿಡಿದುಕೊಂಡೇ ಇನ್ನೊಮ್ಮೆ "ಒಂದು ಸಾಲದು" ಅಂದ. ಇನ್ನೊಂದು ಬಿತ್ತು.

ಹುಲಿಗೆವ್ವ ಜ್ವರದಲ್ಲೇ ಎದ್ದು ಹೋಗಿ ಯಮನೂರಪ್ಪನ ಕಾಲು ಹಿಡಿದಳು. ಮನೆಗೆ ಬಂದು ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಸತ್ತ ಮನಿ ಮುಂದ ಹಂಗ ಕೂಗ್ತಾರೇನೋ? ಮಂದಿ ಕಣ್ಣಾಗ ನೀರು ಕಂಡ್ರ ಅವರ ಮಗ್ಗಲಾಗ ಕುಂದ್ರಬೇಕು. ಅವರ ಗೂಡ ನೀನೂ ಅಳಬೇಕು. 'ಹೋಗಿದ್ದು ಹೋತು, ಯಾರ ಕೈಯಾಗೂ ಇಲ್ಲ, ಸಮಾಧಾನ ಮಾಡ್ಕೋ' ಅನ್ನಬೇಕು. ಇಷ್ಟೂ ತಿಳಿಯಂಗಿಲ್ಲೇನೋ ನಿನಗ?"

"ಹಂಗ ಮಾಡ್ತೀನವ್ವ."

ಸರಕಾರ ಜಾಕೆಟ್ ಕೊಡಲಿಲ್ಲ ಬಿಡಿ. ಕೊಟ್ಟದ್ದು ಹೊಸಪೇಟೆಯ ಒಬ್ಬ ಲಾಡ್ಜಿನ ಶೆಟ್ಟರು. ಹರಿಗೋಲು ಆಡದಿದ್ದರೆ ಅವರ ಲಾಡ್ಜಿಗೂ ಮಂದಿ ಬರುತ್ತಿರಲಿಲ್ಲ. ಹುಲಿಗೆವ್ವ ಅವರ ಬಾಗಿಲಿಗೂ ಅಲೆದಿದ್ದಳು. ಒಂದು ಬೆಳಿಗ್ಗೆ ಶೆಟ್ಟರು ಜೀಪಿನಲ್ಲಿ ಜಾಕೆಟ್ಟಿನ ಗಂಟು ಹಾಕಿಕೊಂಡು ಬಂದರು. ಸಂಘದವರು ಹಾರ ಹಿಡಿದು ನಿಂತಿದ್ದರು. ಶೆಟ್ಟರು ಕೆಳಗಿಳಿದಾಗ ಗಾಳಿ ಬೀಸಿ ಕಣ್ಣಿಗೆ ಮರಳು ಬಿತ್ತು. ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು.

ಕಣ್ಣಲ್ಲಿ ನೀರು. ಗಾಳೆಪ್ಪನಿಗೆ ಅಷ್ಟು ಸಾಕು. ಹೋಗಿ ಅವರ ಕೈ ಹಿಡಿದು ಮರಳಿನ ಮೇಲೆ ಕೂರಿಸಿದ. ಮಗ್ಗುಲಲ್ಲಿ ತಾನೂ ಕೂತ. ಗೊಳೋ ಅಂತ ಅತ್ತ.

"ಹೋಗಿದ್ದು ಹೋತು ಯಜಮಾನ್ರ. ಯಾರ ಕೈಯಾಗೂ ಇಲ್ಲ. ಸಮಾಧಾನ ಮಾಡ್ಕೋರಿ."

ಶೆಟ್ಟರ ಎದೆ ಧಸಕ್ಕೆಂದಿತು. ಮನೆಯಲ್ಲಿ ಹುಷಾರಿಲ್ಲದ ತಾಯಿಯನ್ನು ಬಿಟ್ಟು ಬಂದಿದ್ದರು.

"ಏನು ಹೋತೋ? ಯಾರು ಹೋದ್ರೋ?"

"ಹೋಗಿದ್ದು ಹೋತ್ರಿ" ಅಂದ ಗಾಳೆಪ್ಪ. ಅವ್ವ ಹೇಳಿಕೊಟ್ಟದ್ದು ಅಷ್ಟೇ ಇತ್ತು.

ಶೆಟ್ಟರು ಕೂತಲ್ಲಿಂದಲೇ ಮನೆಗೆ ಫೋನ್ ಹಚ್ಚಿದರು. ಆ ಕಡೆಯಿಂದ ತಾಯಿಯೇ ಎತ್ತಿಕೊಂಡು, ಊಟಕ್ಕೆ ಯಾವಾಗ ಬರ್ತೀಯೋ ಅಂತ ಕೇಳಿದರು. ಹೋದ ಜೀವ ಬಂತು, ಜೀವದ ಜೊತೆಗೆ ಸಿಟ್ಟೂ ಬಂತು. ಹಾರವನ್ನು ತಳ್ಳಿ ಜೀಪು ಹತ್ತಿದರು. ಹುಲಿಗೆವ್ವ ಗಂಟನ್ನು ತಬ್ಬಿಕೊಂಡು ಬಿಡಲಿಲ್ಲ. "ನನ್ನ ಗಂಡನ ಹೆಸರಿನಾಗ ಕೊಟ್ಟು ಹೋಗ್ರಿ, ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಅಂತ ಅಂಗಲಾಚಿದಳು. ಶೆಟ್ಟರು ಗಂಟನ್ನು ಕೆಳಕ್ಕೆ ಒದ್ದು ಹೋದರು.

ಗಂಟು ಬಿಚ್ಚಿ ನೋಡಿದರೆ ಹೊಸ ಜಾಕೆಟ್ಟುಗಳು. ಕೆಂಪು ಬಣ್ಣ, ಒಂದೊಂದಕ್ಕೂ ಪ್ಲಾಸ್ಟಿಕ್ ಕವರು. ಯಮನೂರಪ್ಪ ಒಂದನ್ನು ಎತ್ತಿ ನೋಡಿ ಕಣ್ಣಿಗೊತ್ತಿಕೊಂಡ.

"ಹುಲಿಗೆವ್ವಾ, ಬೇಡಿ ಬೇಡಿ ಬಂದಾವು. ಸಾಹೇಬರು ನೋಡಾಕ ಬರೂತನಕ ಕವರ್ ತೆಗೀಬಾರ್ದು. ನೋಡಿ ಹೋದ ಮ್ಯಾಲ ಟ್ರಂಕಿನಾಗ ಇಟ್ಟು ಕೀಲಿ ಹಾಕೋಣು. ದಿನಾ ನೀರಿಗೆ ಹಾಕಿದ್ರ ಎಷ್ಟು ದಿನ ಬಾಳ್ತಾವು?"

ಸಂಘದವರೆಲ್ಲ ಹೌದೌದು ಅಂದರು. ಹುಲಿಗೆವ್ವನೂ ಹೌದು ಅಂದಳು. ಅದೇನು ಬುದ್ಧಿಯೋ, ಅಲ್ಲಿದ್ದ ಒಬ್ಬರಿಗೂ ತಪ್ಪು ಅನ್ನಿಸಲಿಲ್ಲ. ಅವತ್ತು ಅಲ್ಲಿ ಗಾಳೆಪ್ಪ ಒಬ್ಬನೇ ಪೆದ್ದ ಅಂತ ನಾನು ಹೇಗೆ ಹೇಳಲಿ?

ಮನೆಗೆ ಒಯ್ದು ಒಟ್ಟಿ, ಹುಲಿಗೆವ್ವ ಮಗನಿಗೆ ಹೇಳಿದಳು.

"ಕೂಗೂದು ಬ್ಯಾಡ, ಅಳೂದು ಬ್ಯಾಡ. ನಿನಗ ಒಂದೇ ಕೆಲಸ. ಈ ಜಾಕೆಟ್ ಕಾಯಿ. ಇವಕ್ಕ ನೀರು ತಾಗಬಾರ್ದು. ಏನು ಮುಳುಗಿ ಹೋದ್ರೂ ಸೈತ ಒಂದು ಹನಿ ತಾಗಬಾರ್ದು."

"ಹಂಗ ಮಾಡ್ತೀನವ್ವ."

ಕಾದ. ನೋಡಬೇಕಿತ್ತು ಅವನು ಕಾದದ್ದನ್ನು. ಅವ್ವ ನೀರಿನ ಕೊಡ ತಂದರೆ ಬಾಗಿಲಲ್ಲೇ ಇಳಿಸಿದ. ತಾನು ಮೈ ತೊಳೆದುಕೊಂಡು ಬಂದರೆ ತಲೆ ಒಣಗುವ ತನಕ ಅಂಗಳದಲ್ಲೇ ನಿಂತ. ಹುಲಿಗೆವ್ವನಿಗೆ ಸಮಾಧಾನವಾಯಿತು. ಇದೊಂದು ಕೆಲಸವನ್ನಾದರೂ ಮಗ ನೆಟ್ಟಗೆ ಮಾಡುತ್ತಿದ್ದಾನಲ್ಲ ಅಂದುಕೊಂಡಳು.

ಸಾಹೇಬರು ಬಂದರು. ಊರೆಲ್ಲ ದಂಡೆಗೆ ಬಂತು. ಸಂಘದವರು ಜಾಕೆಟ್ ಹಾಕಿಕೊಂಡು ಸಾಲಾಗಿ ನಿಂತರು, ಕವರಿನ ಸಮೇತ. ಅಲುಗಾಡಿದರೆ ಎಲ್ಲರೂ ಚರಚರ ಸದ್ದು ಮಾಡುತ್ತಿದ್ದರು. ಸಾಹೇಬರ ಜಾಕೆಟ್ಟಿನ ಕವರನ್ನು ಮಾತ್ರ ಯಮನೂರಪ್ಪ ಹೊಟ್ಟೆ ಉರಿದುಕೊಂಡು ತೆಗೆದ. ಹುಲಿಗೆವ್ವನ ಹರಿಗೋಲು ಎಲ್ಲದಕ್ಕಿಂತ ಗಟ್ಟಿ ಅಂತ ಅದನ್ನೇ ನೀರಿಗೆ ಬಿಟ್ಟರು. ಯಮನೂರಪ್ಪ ಹುಟ್ಟು ಹಿಡಿದ. ಗಾಳೆಪ್ಪನನ್ನು ದಂಡೆಯ ಮೇಲೆ ಮಿಕ್ಕ ಜಾಕೆಟ್ಟುಗಳ ಹತ್ತಿರ ಕೂರಿಸಿದರು.

ಮಡುವಿನ ನಡುವಿಗೆ ಹೋದಾಗ ಸಾಹೇಬರಿಗೆ ಒಂದು ಫೋಟೊ ಬೇಕಾಯಿತು. ಜವಾನ ದಂಡೆಯಲ್ಲಿ ಮೊಬೈಲು ಹಿಡಿದ. ಸಾಹೇಬರು ಎದ್ದು ನಿಂತರು. "ಕುಂದರ್ರಿ ಸಾಹೇಬ್ರ" ಅಂತ ಯಮನೂರಪ್ಪ ಅನ್ನುವುದರೊಳಗೆ ಹರಿಗೋಲು ವಾಲಿತು. ಸಾಹೇಬರು ದುಡುಮ್ ಅಂತ ನೀರಿಗೆ ಬಿದ್ದರು.

ಬಿದ್ದವರು ಬೆಂಡಿನಂತೆ ಮೇಲೆ ಬಂದರು. ತಲೆ ನೀರಿನ ಮೇಲೆ, ಗದ್ದ ಜಾಕೆಟ್ಟಿನ ಮೇಲೆ. ಮೊದಲು ಹೆದರಿದರು, ಆಮೇಲೆ ನಕ್ಕರು. "ಏನ್ರೀ ಇದು, ಮುಳುಗಬೇಕು ಅಂದರೂ ಮುಳುಗಲ್ಲ" ಅಂತ ಕೂಗಿದರು. ದಂಡೆಯಲ್ಲಿ ಮಂದಿ ಚಪ್ಪಾಳೆ ಹೊಡೆದರು. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕಿತ್ತು? ಹರಿಗೋಲು ಬಿಡಲು ಅಪ್ಪಣೆ ಸಿಕ್ಕ ಹಾಗೇ ಆಯಿತು. ಹುಲಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವತ್ತು ಗಂಡನ ಮೈಮೇಲೂ ಇಂಥದೊಂದು ಇದ್ದಿದ್ದರೆ ಅಂದುಕೊಂಡಳು.

ಅಷ್ಟರಲ್ಲಿ ಗಾಳೆಪ್ಪ ಎದ್ದು ನಿಂತಿದ್ದ.

"ಅವ್ವಾ, ಜಾಕೆಟ್ಟಿಗೆ ನೀರು ತಾಗ್ತು."

"ಲೇ ಗಾಳ್ಯಾ, ಬ್ಯಾಡೋ" ಅಂದಳು ಹುಲಿಗೆವ್ವ. ಯಾರಿಗೆ ಕೇಳಿತು? ಅವನು ಜಿಗಿದಾಗಿತ್ತು. ಮೀನು ಹೋದ ಹಾಗೆ ಹೋದ. ಸಾಹೇಬರು ತಮ್ಮನ್ನು ದಂಡೆಗೆ ಎಳೆದೊಯ್ಯಲು ಬಂದ ಅಂತ ಎರಡೂ ಕೈ ಚಾಚಿ ಕಣ್ಣು ಮುಚ್ಚಿಕೊಂಡರು. ಚಾಚಿದ್ದು ಅನುಕೂಲವೇ ಆಯಿತು. ಗಾಳೆಪ್ಪ ಪಟಪಟ ಪಟ್ಟಿ ಬಿಚ್ಚಿ, ಜಾಕೆಟ್ಟನ್ನು ಕಿತ್ತುಕೊಂಡು, ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ದಂಡೆಗೆ ಈಜಿಬಂದ. ಸಾಹೇಬರು ಕಲ್ಲಿನಂತೆ ಕೆಳಗೆ ಹೋದರು.

ಯಮನೂರಪ್ಪ ತನ್ನ ಜಾಕೆಟ್ ಬಿಚ್ಚಿಟ್ಟು ಧುಮುಕಿದ. ದಂಡೆಯಿಂದ ಇನ್ನಿಬ್ಬರು ಧುಮುಕಿದರು. ಜುಟ್ಟು ಹಿಡಿದೆಳೆಯಲು ಸಾಹೇಬರಿಗೆ ಕೂದಲಿರಲಿಲ್ಲ. ಹೇಗೋ ತಂದು ದಂಡೆಗೆ ಮಲಗಿಸಿ ಹೊಟ್ಟೆ ಒತ್ತಿದರು. ಅತ್ತ ಹೊಟ್ಟೆ ಒತ್ತುತ್ತಿದ್ದರೆ ಇತ್ತ ಗಾಳೆಪ್ಪ ಜಾಕೆಟ್ಟನ್ನು ತನ್ನ ಪಂಚೆಯಿಂದ ಒರೆಸುತ್ತಿದ್ದ.

"ಭಾಳ ನೆಂದಿಲ್ಲವ್ವ. ಉಳಿಸೀನಿ."

ಸಾಹೇಬರಿಗೆ ಉಸಿರು ಬಂತು. ಉಸಿರಿನ ಜೊತೆಗೆ ಆಜ್ಞೆಯೂ ಬಂತು. "ತಾನಾಗೇ ಬಿಚ್ಚಿಕೊಳ್ಳೋದು ಎಂಥ ಜಾಕೆಟ್ಟು? ಎಲ್ಲ ಜಪ್ತಿ ಮಾಡಿ. ಪರೀಕ್ಷೆ ಆಗಲಿ. ಅಲ್ಲೀವರೆಗೆ ಒಂದು ಹರಿಗೋಲೂ ನೀರಿಗೆ ಇಳೀಬಾರದು."

"ಬಿಚ್ಚಿದಾಂವ ನನ್ನ ಮಗ ರೀ. ಜಾಕೆಟ್ ಚಲೋ ಅದಾವ್ರಿ" ಅಂತ ಹುಲಿಗೆವ್ವ ಅಡ್ಡ ಬಿದ್ದಳು. ಮುಳುಗುವವನ ಜಾಕೆಟ್ಟನ್ನು ಯಾರಾದರೂ ಬಿಚ್ಚುತ್ತಾರೆಯೇ ಅಂತ ಸಾಹೇಬರು ನಂಬಲೇ ಇಲ್ಲ. ಕಾರು ಹತ್ತಿ ಹೋದರು.

ಹರಿಗೋಲುಗಳು ಮತ್ತೆ ಬೋರಲಾದವು. ಹುಲಿಗೆವ್ವ ಮಗನ ಎದುರು ಕೂತಳು. ಬೈಯುವುದಾದರೂ ಯಾರನ್ನು? ನೀರು ತಾಗಬಾರದು ಅಂದವಳು ಯಾರು? ಗಂಡನನ್ನು ನೀರಿಗೆ ಕೊಟ್ಟವಳೇ ಆ ಮಾತು ಆಡಿದ್ದಳು. ಒಂದು ಜಾಕೆಟ್ಟನ್ನು ಎತ್ತಿ, ಕವರು ಹರಿದೆಸೆದು, ತನ್ನ ಕೈಯಾರೆ ಮಗನಿಗೆ ತೊಡಿಸಿ ಪಟ್ಟಿ ಬಿಗಿದಳು.

"ಇದು ಇರೋದು ಜೀವ ಉಳಿಸಾಕ, ಮಗನ. ಇದನ್ನ ಮೈಮ್ಯಾಲಿಂದ ಬಿಚ್ಚಬ್ಯಾಡ. ಯಾರು ಹೇಳಿದ್ರೂ ಬಿಚ್ಚಬ್ಯಾಡ. ನಾನು ಬಂದು ಹೇಳಿದ್ರೂ ಬಿಚ್ಚಬ್ಯಾಡ."

"ಹಂಗ ಮಾಡ್ತೀನವ್ವ."

ಮಾರನೆಯ ದಿನ ಹುಲಿಗೆವ್ವ ಕೂಲಿಗೆ ಹೋಗಿದ್ದಾಗ ಜಪ್ತಿಗೆ ಟೆಂಪೊ ಬಂತು. ಜವಾನ ಜಾಕೆಟ್ಟುಗಳನ್ನು ಎಣಿಸಿ ತುಂಬಿದ. ಒಂದು ಕಡಿಮೆ ಬಂತು. ಅದು ಗಾಳೆಪ್ಪನ ಮೈಮೇಲಿತ್ತು.

"ಬಿಚ್ಚಪ್ಪ" ಅಂದ ಜವಾನ.

"ಅವ್ವ ಬಿಚ್ಚಬ್ಯಾಡ ಅಂದಾಳ" ಅಂದ ಗಾಳೆಪ್ಪ.

ಜವಾನ ಎಳೆದು ನೋಡಿದ, ದುಂಡು ಮೈ, ಬಿಗಿದ ಪಟ್ಟಿ, ಪಟ್ಟಿಯ ಮೇಲೆ ಗಾಳೆಪ್ಪನ ಎರಡೂ ಕೈ, ಬರಲಿಲ್ಲ. ಹರಿದು ತೆಗೆದರೆ ಪರೀಕ್ಷೆಗೆ ಬರುವುದಿಲ್ಲ. ಬಿಟ್ಟು ಹೋದರೆ ಲೆಕ್ಕ ತಪ್ಪಿ ಜವಾನನ ಕೆಲಸ ಹೋಗುತ್ತದೆ. ಜವಾನನೂ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಗಾಳೆಪ್ಪನನ್ನು ಜಾಕೆಟ್ಟಿನ ಸಮೇತ ಟೆಂಪೊ ಹತ್ತಿಸಿ, ಒಯ್ದು, ತಾಲೂಕು ಕಚೇರಿಯ ಉಗ್ರಾಣದಲ್ಲಿ ಉಳಿದ ಜಾಕೆಟ್ಟುಗಳ ಜೊತೆಗೆ ಇಟ್ಟು ಬೀಗ ಹಾಕಿದ.

ಹುಲಿಗೆವ್ವ ಓಡಿ ಬಂದಳು.

"ನಿನ್ನ ಮಗನ್ನ ಕರ್ಕೊಂಡು ಹೋಗವ್ವ, ಯಾರು ಬ್ಯಾಡ ಅಂದಾರ?" ಅಂದ ಜವಾನ. "ಜಾಕೆಟ್ ಬಿಡಾಕ ಮಾತ್ರ ಆರ್ಡರ್ ಬೇಕು."

ಉಗ್ರಾಣದ ಕಿಟಕಿಗೆ ಹೋದಳು. ಸರಳುಗಳ ಆಚೆ ಗಾಳೆಪ್ಪ ಕೆಂಪಗೆ ಕೂತಿದ್ದ.

"ಬಿಚ್ಚೋ ಮಗನ. ಬಿಚ್ಚಿಟ್ಟು ಮನಿಗೆ ಬಾರೋ."

"ಬಿಚ್ಚಂಗಿಲ್ಲವ್ವ. ನೀನು ಬಂದು ಹೇಳಿದ್ರೂ ಬಿಚ್ಚಬ್ಯಾಡ ಅಂದೀದಿ."

ಬೇಡಿದಳು, ಬೈದಳು, ಆಣೆ ಹಾಕಿದಳು. ಅವನು ಬಿಚ್ಚಲಿಲ್ಲ. ಸಾಹೇಬರನ್ನು ಕಾಣಬೇಕು ಅಂದಳು. ಸಾಹೇಬರು ಮೀಟಿಂಗಿನಲ್ಲಿದ್ದರು. ಮೊದಲು ದಿನಾ ಬಂದು ಜಾಕೆಟ್ ಕೊಡಿ ಅನ್ನುತ್ತಿದ್ದಳು, ಈಗ ದಿನಾ ಬಂದು ಮಗನನ್ನು ಕೊಡಿ ಅನ್ನತೊಡಗಿದಳು. ಜವಾನ ಕೊಡುವ ಉತ್ತರ ಮಾತ್ರ ಒಂದೇ, ಆರ್ಡರ್ ಬೇಕು.

ಒಂದು ದಿನ ಕೇಳಿ ಕೇಳಿ ಸಾಕಾಗಿ ಆ ಕಿಟಕಿಯ ಕೆಳಗೆ ಕುಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಅತ್ತಳು. ಗಂಡನಿಗೆ ಅತ್ತಳೋ, ಹರಿಗೋಲಿಗೆ ಅತ್ತಳೋ, ಮಗನಿಗೆ ಅತ್ತಳೋ ಅವಳಿಗೇ ಗೊತ್ತಿಲ್ಲ.

ಒಳಗಿದ್ದ ಗಾಳೆಪ್ಪ ಅವ್ವನ ಕಣ್ಣಲ್ಲಿ ನೀರು ಕಂಡ. ಎದ್ದು ಬಂದು ಕಿಟಕಿಯ ಮಗ್ಗುಲಿಗೇ ಕೂತ. ಜಾಕೆಟ್ಟಿನೊಳಗಿಂದ ಬಿಕ್ಕಿ ಬಿಕ್ಕಿ ತಾನೂ ಅತ್ತ. ಸರಳಿನ ನಡುವಿಂದ ಕೈ ಚಾಚಿ ಅವಳ ತಲೆಯ ಮೇಲೆ ಇಟ್ಟ.

"ಹೋಗಿದ್ದು ಹೋತವ್ವ. ಯಾರ ಕೈಯಾಗೂ ಇಲ್ಲ. ಸಮಾಧಾನ ಮಾಡ್ಕೋ."

ಹೇಳಿಕೊಟ್ಟ ಮಾತನ್ನು ಮಗ ಆಡಬೇಕಾದ ಜಾಗದಲ್ಲಿ ಆಡಿದ್ದು ಅದೇ ಮೊದಲು. ಹುಲಿಗೆವ್ವ ಇನ್ನೂ ಜೋರಾಗಿ ಅತ್ತಳು.